ಕಲ್ಲು ಓದಿದರೆ ಅನ್ನ ಹುಟ್ಟೀತೇ?

ನಮ್ಮ ವಾಚನಾಲಯದ ನೆಲಕ್ಕೆ ಹಾಸಿರುವ ಕಲ್ಲನ್ನು ನಾವು ದಿನವೂ ತುಳಿಯುತ್ತೇವೆ. ಅದರ ಊರು ಯಾವುದೆಂದು ಕೇಳಿದವರು ಕಡಿಮೆ. ಅದು ಶಹಾಬಾದು ಫರಸಿ. ನಮ್ಮಲ್ಲಿ ಹಲವರಂತೆ ಅದೂ ಕಲಬುರಗಿಯ ಕಡೆಯಿಂದ ಹೊಟ್ಟೆಪಾಡಿಗೆ ಮುಂಬಯಿ ಸೇರಿದ್ದು!

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು, ಬಂದರಿನ ಬಳಿ ಗುಮಾಸ್ತರಾಗಿರುವವರು, ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ನನ್ನ ಪಕ್ಕಕ್ಕೆ ಬಂದು ಕುಳಿತರು. "ಮಾಸ್ತರೇ, ಮಗಳು ಭೂವಿಜ್ಞಾನ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಕಲ್ಲು ಓದಿದರೆ ಅನ್ನ ಹುಟ್ಟೀತೇ?" ಎಂದರು. ಆ ಶಾಸ್ತ್ರವನ್ನು ಕೆಲವು ಕಾಲ ಕಲಿಸಿದವನಾದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಕಲ್ಲುಗಳಲ್ಲಿ ಮೂರು ಕುಲ. ಕರಗಿದ ಶಿಲಾರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಮುಂಬಯಿಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸದ್ದು. ಮರಳು, ಕೆಸರು, ಸುಣ್ಣ ಇವು ನೀರಿನಡಿಯಲ್ಲಿ ಪದರ ಪದರವಾಗಿ ಕುಳಿತು ಗಟ್ಟಿಯಾದದ್ದು ಪದರುಶಿಲೆ. ಇವೆರಡರಲ್ಲಿ ಯಾವುದೇ ಆಗಲಿ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬದಲಾದರೆ ಅದು ರೂಪಾಂತರ ಶಿಲೆ. ಶಹಾಬಾದಿನದು ಎರಡನೆಯ ಕುಲ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಸಮುದ್ರವಿದ್ದಾಗ ತಳದಲ್ಲಿ ಕುಳಿತ ಸುಣ್ಣದ ಕೆಸರು ಅದು. ಪದರವಾಗಿ ಕುಳಿತದ್ದರಿಂದಲೇ ಪದರವಾಗಿ ಏಳುತ್ತದೆ, ಫರಸಿಯಾಗಿ ನಮ್ಮ ಕಾಲಿಗೆ ಒದಗುತ್ತದೆ.

ಪದರುಶಿಲೆಯನ್ನು ಓದುವ ಮೊದಲ ಪಾಠವನ್ನು 1669ರಲ್ಲಿ ನಿಕೊಲಾಸ್ ಸ್ಟೆನೊ ಎಂಬ ಡೇನಿಷ್ ವಿದ್ವಾಂಸನು ಬರೆದಿಟ್ಟನು. ಪದರಗಳು ಮೊದಲು ಮಟ್ಟಸವಾಗಿ ಕುಳಿತುಕೊಳ್ಳುತ್ತವೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಕಚೇರಿಯ ಮೇಜಿನ ಮೇಲೆ ಫೈಲುಗಳು ಪೇರುವ ಕ್ರಮವೂ ಇದೇ ತಾನೆ? ತಳದ ಫೈಲು ಮೊದಲು ಬಂದದ್ದು. ಇನ್ನು ಒಂದೊಂದು ಪದರದೊಳಗೂ ವಿಷಯ ಬೇಕಾದಷ್ಟು ಉಂಟು. ಹರಿವ ನೀರು ದಪ್ಪ ಕಲ್ಲನ್ನು ಮೊದಲು ಬಿಡುತ್ತದೆ, ಮರಳನ್ನು ಆಮೇಲೆ, ಜೇಡಿಯನ್ನು ಕೊನೆಗೆ. ಆದುದರಿಂದ ಕಣದ ಗಾತ್ರ ನೋಡಿ ನೀರಿನ ವೇಗವನ್ನು ಊಹಿಸಬಹುದು. ಬಾದಾಮಿಯ ಕೆಂಪು ಮರಳುಕಲ್ಲಿನಲ್ಲಿ ಓರೆಯಾದ ಸಣ್ಣ ಗೆರೆಗಳಿವೆ. ಅವುಗಳಿಂದ ಆ ಮರಳನ್ನು ತಂದ ಪ್ರವಾಹದ ದಿಕ್ಕನ್ನು ಹೇಳಬಹುದು. 578ರ ಶಾಸನವಿರುವ ಬಾದಾಮಿಯ ಗುಹಾಲಯವನ್ನು ನಾವು ಬಹು ಪ್ರಾಚೀನವೆನ್ನುತ್ತೇವೆ. ಅದನ್ನು ಕೊರೆದ ಕಲ್ಲಿನ ಲೆಕ್ಕದಲ್ಲಿ ಅದು ನಿನ್ನೆಯ ಮಾತು.

ಆದರೆ ಪದರಗಳು ಕುಳಿತಂತೆಯೇ ಇರುವುದಿಲ್ಲ. ಭೂಮಿಯ ಒತ್ತಡಕ್ಕೆ ಅವು ವಾಲುತ್ತವೆ, ಮಡಿಚಿಕೊಳ್ಳುತ್ತವೆ, ಮುರಿದು ಜಾರುತ್ತವೆ. ಇವನ್ನು ಅಳೆದು ಅರ್ಥಮಾಡುವ ಶಾಖೆಗೆ ರಚನಾ ಭೂವಿಜ್ಞಾನವೆಂದು ಹೆಸರು. ಇದರಲ್ಲಿ ವಿದ್ಯಾರ್ಥಿಯು ಮೊದಲು ಕಲಿಯುವ ಶಬ್ದಗಳು ಡಿಪ್ ಮತ್ತು ಸ್ಟ್ರೈಕ್. ಊರಿನ ಹೆಂಚಿನ ಮಾಡನ್ನು ನೆನೆದುಕೊಳ್ಳಿ. ಮಳೆನೀರು ನೇರವಾಗಿ ಇಳಿಯುವ ಇಳಿಜಾರು ಡಿಪ್; ಆ ಮಾಡಿನ ಮೇಲೆ ಅದಕ್ಕೆ ಅಡ್ಡಲಾಗಿ ಎಳೆದ ಮಟ್ಟಸ ಗೆರೆಯೇ ಸ್ಟ್ರೈಕ್. ಹತ್ತಾರು ಕಡೆ ಈ ಎರಡನ್ನು ಅಳೆದು ನಕ್ಷೆಯಲ್ಲಿ ಗುರುತಿಸಿದರೆ, ನೆಲದೊಳಗೆ ಪದರವು ಎತ್ತ ಇಳಿಯಿತು, ಎಲ್ಲಿ ಮೇಲೆದ್ದಿತು ಎಂಬುದನ್ನು ಅಗೆಯದೆಯೇ ಹೇಳಲು ಬರುತ್ತದೆ.

ಬಾದಾಮಿಯ ಸುತ್ತಮುತ್ತ ಈ ಎರಡು ವಿದ್ಯೆಗಳೂ ಒಟ್ಟಿಗೆ ಬೇಕಾಗುತ್ತವೆ. ಕೆಳಗೆ ಬಾಗಲಕೋಟೆ ಗುಂಪಿನ ಹಳೆಯ ಪದರಗಳು ವಾಲಿ, ಮಡಿಚಿ ನಿಂತಿವೆ; ಅವುಗಳ ತಲೆ ಸವೆದು ಹೋದ ಮೇಲೆ ಬಾದಾಮಿಯ ಮರಳುಕಲ್ಲು ಮಟ್ಟಸವಾಗಿ ಬಂದು ಕುಳಿತಿದೆ. ಒಂದು ಸಮುದ್ರ ತುಂಬಿತು, ಅದರ ತಳ ಮೇಲೆದ್ದು ಬೆಟ್ಟವಾಯಿತು, ಬೆಟ್ಟ ಸವೆಯಿತು, ಅದರ ಮೇಲೆ ಮತ್ತೆ ಮರಳು ಹಾಸಿತು. ಇಷ್ಟು ಕಥೆ ಆ ಒಂದೇ ಗೆರೆಯಲ್ಲಿ ಅಡಗಿದೆ.

ಇದರಿಂದ ಲೋಕಕ್ಕೇನು ಪ್ರಯೋಜನವೆಂದರೆ, 1963ರ ಅಕ್ಟೋಬರ್ 9ರ ರಾತ್ರಿಯನ್ನು ನೆನೆಯಬೇಕು. ಇಟಲಿಯ ವಯೊಂಟ್ ಎಂಬಲ್ಲಿ 262 ಮೀಟರು ಎತ್ತರದ ಅಣೆಕಟ್ಟೆಯನ್ನು ಕಟ್ಟಿದ್ದರು. ಪಕ್ಕದ ಬೆಟ್ಟದಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಜೇಡಿಯ ತೆಳು ಪದರಗಳಿದ್ದುವು. ಎಲ್ಲವೂ ಜಲಾಶಯದ ಕಡೆಗೇ ವಾಲಿದ್ದುವು. ಅಂದು ಬೆಟ್ಟದ ಪಕ್ಕೆಯೇ ಜಾರಿ ನೀರಿಗೆ ಬಿತ್ತು. ನೀರು ಕಟ್ಟೆಯನ್ನು ಹಾರಿ ಕೆಳಗಿನ ಊರುಗಳ ಮೇಲೆ ಎರಗಿ, ಸುಮಾರು ಎರಡು ಸಾವಿರ ಜನ ಮಡಿದರು. ಕಟ್ಟೆ ಮಾತ್ರ ಇಂದಿಗೂ ನಿಂತಿದೆ! ಸಿಮೆಂಟು ಸರಿಯಿತ್ತು, ಪಕ್ಕದ ಬೆಟ್ಟವನ್ನು ಓದಿದ್ದು ಸಾಲದಾಗಿತ್ತು. ಈ ವಿದ್ಯೆಯು ಒಳಿತನ್ನೂ ತೋರಿಸಿಕೊಟ್ಟಿದೆ. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದಡಿಯ ಸುಣ್ಣಕಲ್ಲಿನ ಪದರಗಳಲ್ಲಿ ಎಣ್ಣೆ ಸಿಕ್ಕಿದ್ದು ಅದೃಷ್ಟದಿಂದಲ್ಲ. ಉಬ್ಬಿದ ಪದರಗಳಲ್ಲಿ ಎಣ್ಣೆ ಮೇಲೇರಿ ನಿಲ್ಲುತ್ತದೆಂಬ ತಿಳಿವಳಿಕೆಯಿಂದ.

ಇನ್ನು ಓದಿನ ಸ್ವರೂಪ. ಪ್ರಯೋಗಶಾಲೆಯಲ್ಲಿ ಕಲ್ಲನ್ನು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆಮ್ಲದ ಹನಿ ಬಿಟ್ಟು, ನೊರೆಯೆದ್ದರೆ ಸುಣ್ಣಕಲ್ಲೆಂದು ತಿಳಿಯುತ್ತಾರೆ. ವರ್ಷಕ್ಕೆ ಕೆಲವು ವಾರ ಸುತ್ತಿಗೆ, ಮಸೂರ, ದಿಕ್ಸೂಚಿ ಹಿಡಿದು ಬಿಸಿಲಿನಲ್ಲಿ ಬೆಟ್ಟ ಸುತ್ತಬೇಕು. ಅದರ ಪ್ರಯಾಣದ ವೆಚ್ಚವನ್ನು ತಂದೆತಾಯಿಗಳು ಮೊದಲೇ ಲೆಕ್ಕಹಾಕಿಕೊಳ್ಳುವುದು ಮೇಲು. ಗಣಿತಕ್ಕೆ ಹೆದರುವವರಿಗೆ ರಚನಾ ಭೂವಿಜ್ಞಾನ ತುಸು ಕಷ್ಟವೇ.

ಉದ್ಯೋಗದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಿ.ಎಸ್‌ಸಿ. ಒಂದರಿಂದಲೇ ಸಾಲದು. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಭೂವಿಜ್ಞಾನಿಯಾಗಲು ಎಂ.ಎಸ್‌ಸಿ. ಬೇಕು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನೂ ಗೆಲ್ಲಬೇಕು. ಅಂತರ್ಜಲ, ಎಣ್ಣೆ, ಕಲ್ಲಿದ್ದಲು, ಸಿಮೆಂಟು, ಸುರಂಗದ ಕಾಮಗಾರಿ ಇವುಗಳಲ್ಲಿಯೂ ಕೆಲಸವುಂಟು. ಆದರೆ ಬ್ಯಾಂಕಿನ ಹುದ್ದೆಗಳಷ್ಟು ಹೇರಳವಾಗಿಲ್ಲ, ಊರೂರು ತಿರುಗುವುದೂ ತಪ್ಪದು. ಹೆಣ್ಣುಮಕ್ಕಳು ನೆಲದಡಿಯ ಗಣಿಗಳಲ್ಲಿ ದುಡಿಯುವುದನ್ನು 1952ರ ಗಣಿ ಕಾಯಿದೆಯು ನಿಷೇಧಿಸಿತ್ತು. 2019ರಲ್ಲಿ ಸರ್ಕಾರವು ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಆ ಬಾಗಿಲನ್ನು ತೆರೆಯಿತು.

ನಾನು ಹೇಳುವಷ್ಟನ್ನು ಕೇಳಿ ಗುಮಾಸ್ತರು ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತ ಕುಳಿತರು. "ಹಾಗಾದರೆ ಐದು ವರ್ಷ ನಾನು ತಡೆದುಕೊಳ್ಳಬೇಕು, ಅಷ್ಟೇ ತಾನೆ?" ಎಂದರು. ಅಷ್ಟೇ ಎಂದೆ. ಮರುವಾರ ಮಗಳನ್ನೇ ಕರೆತಂದರು. ಆ ಹುಡುಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದವಳೇ ಬಗ್ಗಿ, ಫರಸಿಯ ಒಡೆದ ಅಂಚಿನಲ್ಲಿ ಪದರಗಳನ್ನು ಬೆರಳಿನಿಂದ ಎಣಿಸತೊಡಗಿದಳು. ತಂದೆ ನನ್ನ ಕಡೆ ನೋಡಿ ನಕ್ಕರು.