ಟ್ರೇಲರ್ ರಿವರ್ಸ್ ಕಲಿಸುವ ಮಾಸ್ತರ

ಶಹಾಪುರದ ಹೊರವಲಯದ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಗೇಟು. ಕಳೆದ ಸುಗ್ಗಿಯ ಮಾತು. ಹತ್ತಿ ಹೇರಿದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ಸಾಲುಗಟ್ಟಿದ್ದವು. ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲ, ಬಂದವರೆಲ್ಲ ಟ್ರೇಲರನ್ನು ಹಿಮ್ಮುಖವಾಗಿ ಗೇಟಿನೊಳಗೆ ಹೊಗಿಸಿಯೇ ಹತ್ತಿ ಇಳಿಸಬೇಕು. ಮೀಸೆ ಈಗಷ್ಟೇ ಚಿಗುರಿದ ಹುಡುಗನೊಬ್ಬನ ಸರದಿ ಬಂದಿತ್ತು. ಟ್ರೇಲರ್ ಎಡಕ್ಕೆ ಬರಲಿ ಎಂದು ಅವನು ಸ್ಟೇರಿಂಗನ್ನು ಎಡಕ್ಕೆ ತಿರುವಿದರೆ ಅದು ಬಲಕ್ಕೆ ಹೊರಳುತ್ತಿತ್ತು. ಮತ್ತೆ ಮುಂದೆ, ಮತ್ತೆ ಹಿಂದೆ. ಹಿಂದಿನವರು ಹಾರ್ನ್ ಹೊಡೆದಷ್ಟೂ ಹುಡುಗ ಬೆವರುತ್ತಿದ್ದ. ಗೇಟಿನ ಕಂಬಕ್ಕೆ ಟ್ರೇಲರಿನ ಮೂಲೆ ತಾಗಲು ಗೇಣಷ್ಟೇ ಉಳಿದಿತ್ತು.

ಸಾಲಿನ ಪಕ್ಕದಲ್ಲಿ ಸಿಕ್ಕಿಕೊಂಡಿದ್ದ ‘ಎಲ್’ ಬೋರ್ಡಿನ ಹಳೇ ಮಾರುತಿಯಿಂದ ಐವತ್ತರ ಆಸುಪಾಸಿನವರೊಬ್ಬರು ಇಳಿದು ಬಂದರು. ಹುಡುಗನನ್ನು ಇಳಿಸಿ ತಾವೇ ಹತ್ತಿ ಕೂರುತ್ತಾರೆ ಅಂದುಕೊಂಡೆ. ಅವರು ಟ್ರ್ಯಾಕ್ಟರಿನ ಪಕ್ಕಕ್ಕೆ, ಹುಡುಗನಿಗೆ ಕಾಣುವ ಹಾಗೆ ನಿಂತರು. “ತಮ್ಮಾ, ಗಾಬರಿ ಆಗಬ್ಯಾಡ. ಸ್ಟೇರಿಂಗ್ ಮ್ಯಾಲ ಹಿಡೀಬ್ಯಾಡ, ಕೆಳಗ ಹಿಡಿ. ಈಗ ಟ್ರೇಲರ್ ಯಾವ ಕಡಿ ಹೋಗಬೇಕೋ ಕೈ ಆ ಕಡಿ ಒಯ್ಯಿ. ಸಾವಕಾಶ.” ಒಂದೆರಡು ಸಲ ಮುಂದೆ ತಗೊಂಡು ನೆಟ್ಟಗೆ ಮಾಡಿಸಿದರು. ಮೂರನೆಯ ಸಲ ಟ್ರೇಲರ್ ಕಂಬಗಳ ನಡುವೆ ನೇರವಾಗಿ ಒಳಗೆ ಹೋಯಿತು. ಅಲ್ಲಿದ್ದವರಲ್ಲಿ ಯಾರಿಗೂ ಅದು ವಿಶೇಷವೆನಿಸಲಿಲ್ಲ. ನನಗೆ ಮಾತ್ರ ಆ ಮನುಷ್ಯನ ಬೆನ್ನು ಬಿಡಲಾಗಲಿಲ್ಲ.

ಅವರು ಡ್ರೈವಿಂಗ್ ಸ್ಕೂಲ್ ನಡೆಸುವವರು. ಶಹಾಪುರದಲ್ಲೂ ಸುರಪುರದಲ್ಲೂ ಅವರ ಕೈಯಲ್ಲಿ ಕಲಿತವರಿದ್ದಾರೆ, ಪರೀಕ್ಷೆಯ ದಿನ ಅಭ್ಯರ್ಥಿಗಳನ್ನು ಯಾದಗಿರಿಯ ಆರ್‌ಟಿಓ ಕಚೇರಿಗೆ ತಾವೇ ಕರೆದೊಯ್ಯುತ್ತಾರೆ. ಹತ್ತನೇ ತರಗತಿ, ಆಮೇಲೆ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್, ಆಮೇಲೆ ಲಾರಿ. ತಗಡಿನ ಮಾಡಿನ ಒಂದು ಕೋಣೆ, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಪಟ, ಎಡಗಡೆಯಲ್ಲೂ ಬ್ರೇಕ್–ಕ್ಲಚ್ ಇರುವ ಆ ಮಾರುತಿ, ಆಸ್ತಿ ಇಷ್ಟೇ. ಟ್ರ್ಯಾಕ್ಟರ್ ಇಲ್ಲ. ಆದರೂ ಊರಿನವರು ಟ್ರ್ಯಾಕ್ಟರ್ ವಿಷಯಕ್ಕೂ ಅವರ ಬಳಿಗೇ ಬರುತ್ತಾರೆ. ಸಂಜೆ ಹೊತ್ತು, ದುಡ್ಡು ತೆಗೆದುಕೊಳ್ಳದೆ, ಮಾಲೀಕರದ್ದೇ ಇಂಜಿನ್ (ಟ್ರ್ಯಾಕ್ಟರ್) ಮೇಲೆ ಹೇಳಿಕೊಡುತ್ತಾರೆ. “ಇದಕ್ಕ ಸರ್ಟಿಫಿಕೇಟ್ ಇಲ್ರಿ ಸರ್. ಪರೀಕ್ಷೆನೂ ಇಲ್ಲ. ಪರೀಕ್ಷೆ ಇಲ್ಲ ಅಂದ್ರ ಫೀ ಯಾರು ಕೊಡ್ತಾರ?”

ಅವರ ಈ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. 1988ರ ಮೋಟಾರು ವಾಹನ ಕಾಯ್ದೆಯ 10ನೇ ಕಲಂ ಲೈಸೆನ್ಸಿನ ವರ್ಗಗಳನ್ನು ಪಟ್ಟಿ ಮಾಡುತ್ತದೆ. ಗೇರ್ ಇಲ್ಲದ ಬೈಕು, ಗೇರ್ ಇರುವ ಬೈಕು, ಲಘು ವಾಹನ, ಸಾರಿಗೆ ವಾಹನ, ರೋಡ್ ರೋಲರ್ ಕೂಡ ಅಲ್ಲಿದೆ. ಟ್ರೇಲರ್ ಇಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಂತೆ ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಲಘು ವಾಹನವೇ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರೇಲರ್ ಕಟ್ಟಿಕೊಂಡ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತು. ಲಘು ವಾಹನದ ಲೈಸೆನ್ಸಿಗೆ, ಹೇರು ಸೇರಿದ ಒಟ್ಟು ತೂಕ ಅಷ್ಟನ್ನು ಮೀರದ ಸಾರಿಗೆ ವಾಹನವೂ ಸಲ್ಲುತ್ತದೆ ಎಂದು 2017ರಲ್ಲಿ ತೀರ್ಪು ಬಂತು. 2024ರ ನವೆಂಬರ್ 6ರಂದು ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಇವೆಲ್ಲ ವಿಮೆಯ ಜಗಳದಿಂದ ಹುಟ್ಟಿದ ಮೊಕದ್ದಮೆಗಳು. ಅಪಘಾತದಲ್ಲಿ ನೊಂದವರಿಗೆ ಪರಿಹಾರ ತಪ್ಪಬಾರದು, ಬಡ ಚಾಲಕನ ಅನ್ನ ಹೋಗಬಾರದು ಎಂಬ ಕಾಳಜಿ ಅವುಗಳ ಹಿಂದಿದೆ, ನಾನದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನೆಲದ ಮೇಲೆ ಇದರ ಅರ್ಥ ಇಷ್ಟು: ಮಾರುತಿಯಲ್ಲಿ ಪರೀಕ್ಷೆ ಕೊಟ್ಟು ಪಾಸಾದ ಹುಡುಗ ಮರುದಿನವೇ ಹತ್ತಿಯ ಟ್ರೇಲರ್ ಎಳೆಯಬಹುದು. ಅವನಿಗೆ ಅದು ಬರುತ್ತದೆಯೇ ಎಂದು ಕೇಳುವವರು ಯಾರೂ ಇಲ್ಲ.

ಹಾಗಾದರೆ ಬರಬೇಕಾದ್ದೇನು? ಇದನ್ನು ಮಾಸ್ತರರು ನನಗೆ ಬೆಂಕಿಪೊಟ್ಟಣಗಳನ್ನು ಜೋಡಿಸಿ ತೋರಿಸಿದರು. ಎರಡು ಗಾಲಿಯ ಟ್ರೇಲರಿನಲ್ಲಿ ತಿರುಗುವ ಜಾಗ ಒಂದೇ, ಹುಕ್ಕಿನ ಪಿನ್ನು. ಇಂಜಿನ್ನಿನ ಹಿಂಭಾಗ ಬಲಕ್ಕೆ ಸರಿದರೆ ಟ್ರೇಲರಿನ ಮೂತಿಯೂ ಬಲಕ್ಕೆ ಸರಿಯುತ್ತದೆ, ಬಾಲ ಎಡಕ್ಕೆ ಹೋಗುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಟ್ರೇಲರ್ ತಿರುಗಲು ಶುರುಮಾಡಿದ ಕ್ಷಣವೇ ಸ್ಟೇರಿಂಗನ್ನು ಹಿಂದಕ್ಕೆ ತಂದು ಇಂಜಿನ್ ಅದರ ಬೆನ್ನು ಹಿಡಿಯುವಂತೆ ಮಾಡಬೇಕು. ತಡವಾದರೆ ಮೂಲೆ ಚೂಪಾಗಿ, ಟ್ರ್ಯಾಕ್ಟರಿನ ದೊಡ್ಡ ಗಾಲಿ ಟ್ರೇಲರಿಗೇ ಒರಗುತ್ತದೆ. ಆಗ ಮುಂದೆ ತಗೊಂಡು ನೆಟ್ಟಗೆ ಮಾಡಿಕೊಳ್ಳುವುದೊಂದೇ ದಾರಿ. ಗಿಡ್ಡ ಟ್ರೇಲರ್ ಥಟ್ಟನೆ ಹೊರಳುತ್ತದೆ, ಉದ್ದನೆಯದು ನಿಧಾನಕ್ಕೆ. ಹೊಸಬರಿಗೆ ಗಿಡ್ಡದ್ದೇ ಸುಲಭ ಎಂದು ನಾನು ತಿಳಿದಿದ್ದೆ, ಕಷ್ಟ ಅದರಲ್ಲೇ ಹೆಚ್ಚಂತೆ.

ನಾಲ್ಕು ಗಾಲಿಯ ಟ್ರೇಲರಿನ ಕತೆಯೇ ಬೇರೆ. ಅದರ ಮುಂದಿನ ಅಚ್ಚು ತಾನೇ ತಿರುಗುತ್ತದೆ. ಹುಕ್ಕಿನದೊಂದು, ಅಚ್ಚಿನದೊಂದು, ಹೀಗೆ ತಿರುಗುವ ಜಾಗ ಎರಡಾದವು. ಎರಡು ಗಾಲಿಯದರಲ್ಲಿ ಉಲ್ಟಾ ತಿರುವಿ ರೂಢಿಯಾದವನು ಇಲ್ಲಿ ಅದನ್ನೂ ಉಲ್ಟಾ ಮಾಡಬೇಕು! ಇದನ್ನು ಅಡಿ ತಪ್ಪದೆ ಹಿಂದಕ್ಕೆ ಒಯ್ಯಬಲ್ಲವರನ್ನು ನೋಡುವುದಕ್ಕೆ ನಾನು ಆ ಮಿಲ್ಲಿನ ಅಂಗಳಕ್ಕೆ ಮತ್ತೆ ಹೋಗಿದ್ದೇನೆ. ಕೆಲವರು ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿ, ಒಂದೇ ಕೈಯಲ್ಲಿ, ಹಾಡು ಕೇಳುತ್ತ ಒಯ್ದು ನಿಲ್ಲಿಸುತ್ತಾರೆ. ಈ ಸೀಮೆಯಲ್ಲಿ ಇಷ್ಟು ನಾಜೂಕಾದ ಕೈಕೆಲಸ ಬೇರೊಂದನ್ನು ನಾನು ಕಂಡಿಲ್ಲ. ಇದನ್ನು ಕಲೆಯೆಂದು ಕರೆಯುವವರಿಲ್ಲ, ಕಲಿಸುವ ಶಾಲೆಯಿಲ್ಲ. ಅಪ್ಪನಿಂದಲೋ ಮಾವನಿಂದಲೋ ಬಂದರೆ ಬಂತು, ಇಲ್ಲವಾದರೆ ಯಾರದೋ ಗೋಡೆ ಹೋಯಿತು.

ಗೋಡೆ ಮಾತ್ರ ಹೋದರೆ ಚಿಂತೆಯಿರಲಿಲ್ಲ. ಮಾಸ್ತರರು ಇನ್ನೊಂದು ಸಂಗತಿ ತೋರಿಸಿದ ಮೇಲೆ ದಾರಿಯಲ್ಲಿ ಎದುರಾಗುವ ಪ್ರತಿ ಟ್ರ್ಯಾಕ್ಟರಿನ ಕಾಲಡಿಗೆ ನನ್ನ ಕಣ್ಣು ಹೋಗುತ್ತದೆ. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಹೊಲದಲ್ಲಿ ಸಾಲಿನ ತುದಿಗೆ ಗಕ್ಕನೆ ತಿರುಗಲು ಅದು ಬೇಕು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಚಿಲಕ ಹಾಕಲೇಬೇಕು. ಹಾಕದೆ ವೇಗದಲ್ಲಿ ಒಂದನ್ನೇ ತುಳಿದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಹಿಂದೆ ಸ್ವಂತ ಬ್ರೇಕಿಲ್ಲದ, ತುಂಬಿದ ಟ್ರೇಲರ್ ಇದ್ದು ರಸ್ತೆ ಇಳಿಜಾರಾದರೆ ಅದು ಇಂಜಿನ್ನನ್ನು ನೂಕುತ್ತ ಬರುತ್ತದೆ. ಕಾಲುವೆ ಏರಿಯ ಮೇಲೆ ಹೀಗಾದರೆ ಏನಾಗುತ್ತದೆಂದು ನಾರಾಯಣಪುರ ಎಡದಂಡೆಯ ಊರುಗಳಿಗೆ ಹೇಳಿಕೊಡಬೇಕಿಲ್ಲ. ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಆದರೂ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು, ತಿಂಥಣಿ ಜಾತ್ರೆಗೆ ಹೊರಟ ಮನೆಮಂದಿ ಅದರಲ್ಲೇ ಇರುತ್ತಾರೆ. ಆ ಚಿಲಕವನ್ನು ಪರೀಕ್ಷೆಯಲ್ಲಿ ಒಮ್ಮೆ ಕೇಳಿದ್ದರೂ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕಲಿಸಬಲ್ಲ ಈ ಮನುಷ್ಯನ ಕಸುಬೇ ಈಗ ಅಲುಗಾಡುತ್ತಿದೆ. 2024ರ ಬೇಸಿಗೆಯಲ್ಲಿ ಜೂನ್ 1ರಿಂದ ಎಲ್ಲ ಬದಲಾಗುತ್ತದೆ, ಲೈಸೆನ್ಸ್ ಪರೀಕ್ಷೆ ಖಾಸಗಿಯವರ ಕೈಗೆ ಹೋಗುತ್ತದೆ ಎಂದು ಸುದ್ದಿ ಹಬ್ಬಿತ್ತು. ಹಾಗೇನಿಲ್ಲ ಎಂದು ಕೇಂದ್ರದ ಹೆದ್ದಾರಿ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ನಿಯಮ ಬಂದದ್ದು ಅದಕ್ಕಿಂತ ಮುಂಚೆಯೇ, 2021ರ ಜೂನ್ 7ರಂದು ಪ್ರಕಟವಾಗಿ ಜುಲೈ 1ರಿಂದ ಜಾರಿಯಾಗಿತ್ತು. ಅದರಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಕಲಿತವರಿಗೆ ಆರ್‌ಟಿಓ ಮುಂದೆ ಗಾಡಿ ಓಡಿಸಿ ತೋರಿಸುವುದರಿಂದ ವಿನಾಯಿತಿ ಸಿಗಬಹುದು. ಆದರೆ ಕೇಂದ್ರಕ್ಕೆ ಲಘು ವಾಹನಕ್ಕಾದರೆ ಒಂದು ಎಕರೆ, ಭಾರಿ ವಾಹನಕ್ಕಾದರೆ ಎರಡು ಎಕರೆ ಜಾಗ ಬೇಕು, ಸಿಮ್ಯುಲೇಟರ್ ಬೇಕು, ಟ್ರ್ಯಾಕ್ ಬೇಕು. ಕಲಿಸುವವರು ಹನ್ನೆರಡನೇ ತರಗತಿ ಪಾಸಾಗಿರಬೇಕು. ಹಳೆಯ ಸ್ಕೂಲುಗಳು ಮೊದಲಿನಿಂದ ಇರುವ ನಿಯಮದಡಿ ಮುಂದುವರಿಯಬಹುದು, ಅವುಗಳ ಪ್ರಮಾಣಪತ್ರಕ್ಕೆ ಮಾತ್ರ ಆ ವಿನಾಯಿತಿಯಿಲ್ಲ.

“ಹೆದ್ದಾರಿ ಬಾಜೂಕ ಒಂದು ಎಕರೆ ಅಂದ್ರ ನನ್ನಂಥವ್ರು ಕನಸಿನ್ಯಾಗೂ ಕೇಳಂಗಿಲ್ರಿ,” ಎಂದರು ಮಾಸ್ತರರು. ಹನ್ನೆರಡನೇ ತರಗತಿಯ ಮಾತು ಅವರಿಗೆ ಇನ್ನೂ ಹೆಚ್ಚು ನೋವು ಕೊಟ್ಟಿದೆ. ಕಾರು ಕಲಿಕೆಗೆ ರಾಜ್ಯ ಸರ್ಕಾರ 2024ರ ಜನವರಿಯಿಂದ ಶುಲ್ಕವನ್ನು 4,000ದಿಂದ 7,000 ರೂಪಾಯಿಗೆ ಏರಿಸಿದೆ. ಅಷ್ಟು ಕೊಡುವವರು ಈ ಭಾಗದಲ್ಲಿ ಕಡಿಮೆ, ಚೌಕಾಸಿ ಮಾಡಿಯೇ ಸೇರುತ್ತಾರೆ. ಟ್ರ್ಯಾಕ್ ಇರುವ ಕೇಂದ್ರ ನಾಳೆ ಕಲಬುರಗಿ ಕಡೆಯಿಂದಲೋ ಬೇರೆಲ್ಲಿಂದಲೋ ಬಂದರೆ ಇದ್ದವರು ಅಲ್ಲಿಗೆ ಹೋಗುತ್ತಾರೆ ಎಂಬ ಅಂಜಿಕೆ ಅವರದು. ಇಂಥ ಅಂಜಿಕೆ ಅವರೊಬ್ಬರದೇ ಅಲ್ಲ ಎನ್ನಲು ಕೇರಳವಿದೆ. 2024ರ ಮೇ ತಿಂಗಳಲ್ಲಿ ಪರೀಕ್ಷೆಯ ಸುಧಾರಣೆಗಳನ್ನು ವಿರೋಧಿಸಿ ಅಲ್ಲಿನ ಡ್ರೈವಿಂಗ್ ಸ್ಕೂಲಿನವರು ಎರಡು ವಾರ ಪರೀಕ್ಷೆ ನಡೆಯಲು ಬಿಡಲಿಲ್ಲ. ದಿನಕ್ಕೆ ಎಷ್ಟು ಪರೀಕ್ಷೆ, ಎಷ್ಟು ವರ್ಷ ಹಳೆಯ ಗಾಡಿ ಎಂಬುದರಲ್ಲಿ ಸರ್ಕಾರ ಸಡಿಲಿಸಿದ ಮೇಲೆ ಮುಷ್ಕರ ನಿಂತಿತು.

ಟ್ರೇಲರಿಗೇ ಪರೀಕ್ಷೆ ಇಟ್ಟು ಮತ್ತೆ ಕಿತ್ತ ದೇಶವೂ ಇದೆ. ಬ್ರಿಟನ್ನಿನಲ್ಲಿ 1997ರ ಜನವರಿ 1ರ ನಂತರ ಕಾರಿನ ಲೈಸೆನ್ಸ್ ಪಡೆದವರು ಭಾರದ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಕೊಡಬೇಕಿತ್ತು. ಅದನ್ನು ನಂಬಿ ಟ್ರೇಲರ್ ಕೊಂಡು, ಅಂಗಳ ಬಾಡಿಗೆ ಹಿಡಿದು ಕಲಿಸುವವರ ಒಂದು ಕಸುಬೇ ಬೆಳೆದಿತ್ತು. 2021ರಲ್ಲಿ ಲಾರಿ ಚಾಲಕರ ಕೊರತೆ ಬಿದ್ದಾಗ, ಪರೀಕ್ಷಕರ ಸಮಯ ಲಾರಿ ಪರೀಕ್ಷೆಗೆ ಸಿಗಲೆಂದು ಟ್ರೇಲರ್ ಪರೀಕ್ಷೆಯನ್ನೇ ರದ್ದು ಮಾಡಿದರು. ಆ ವರ್ಷ ಡಿಸೆಂಬರ್ 16ರಿಂದ 3,500 ಕೆ.ಜಿ.ವರೆಗಿನ ಟ್ರೇಲರಿಗೆ ಅದು ಬೇಕಿಲ್ಲ. ಕಲಿಸುವವರ ಹೊಟ್ಟೆಪಾಡಿನ ಮೇಲೆ ಏಟು ಬಿತ್ತು. ಇದನ್ನು ಹೇಳಿದಾಗ ಮಾಸ್ತರರು ಬಹಳ ಹೊತ್ತು ವಿಚಾರಿಸಿದರು: ಎಷ್ಟು ಉದ್ದದ ಟ್ರೇಲರ್, ರಿವರ್ಸ್ ಎಲ್ಲಿಂದ ಎಲ್ಲಿಗೆ, ಹುಕ್ ಬಿಚ್ಚಿ ಮತ್ತೆ ಹಾಕಿ ತೋರಿಸಬೇಕಿತ್ತೇನು? ಬೇಕಿತ್ತು ಎಂದೆ. “ಖರೇ ಪರೀಕ್ಷೆ ಅಂದ್ರ ಅದು ನೋಡ್ರಿ” ಎಂದರು.

ನಮ್ಮ ನಿಯಮಗಳಲ್ಲಿ ಸಾರಿಗೇತರ ವಾಹನದ ಕಲಿಕೆಗೆ ಕನಿಷ್ಠ 21 ದಿನ, ಅದರಲ್ಲಿ 10 ತಾಸು ಗಾಡಿ ಓಡಿಸುವುದು ಎಂದಿದೆ. ಟ್ರ್ಯಾಕ್ಟರ್ ಹಿಡಿಯುವವರಿಗೆ ಆ ಹತ್ತರಲ್ಲಿ ಎರಡು ತಾಸು ಟ್ರೇಲರಿಗೆ ಮೀಸಲಿಟ್ಟರೆ ಸಾಕೆಂಬುದು ಮಾಸ್ತರರ ಲೆಕ್ಕ, ನನ್ನದೂ ಅದೇ. ಹುಕ್ ಹಾಕುವುದು, ಚಿಲಕ ಹಾಕುವುದು, ಹಿಂದೆ ರೇಡಿಯಂ ಪಟ್ಟಿ ಇದೆಯೇ ನೋಡುವುದು, ಎರಡು ಕಂಬಗಳ ನಡುವೆ ಹಿಂದಕ್ಕೆ ಒಯ್ಯುವುದು. ಇದಕ್ಕೆ ಸಿಮ್ಯುಲೇಟರ್ ಬೇಡ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಎಪಿಎಂಸಿ ಅಂಗಳಗಳಿವೆ, ಸುಗ್ಗಿ ಮುಗಿದ ತಿಂಗಳುಗಳಲ್ಲಿ ಅಲ್ಲಿ ಬೇಕಾದಷ್ಟು ಜಾಗ ಖಾಲಿ ಇರುತ್ತದೆ. ಡೀಸೆಲ್ ಹಾಕಿಸಿದರೆ ಇಂಜಿನ್ ಕೊಡಲು ಒಪ್ಪಿರುವ ರೈತರಿದ್ದಾರೆ. ಟ್ರೇಲರ್ ಪಾಠಕ್ಕೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ತಾಲ್ಲೂಕಿನ ಸಣ್ಣ ಸ್ಕೂಲುಗಳಿಗೇ ಕೊಡಬೇಕು, ಅನುಭವವಿರುವ ಹಳಬರಿಗೆ ಹನ್ನೆರಡನೇ ತರಗತಿಯ ಷರತ್ತು ಹಾಕಬಾರದು. ಇಷ್ಟನ್ನು ಬರೆದು ಸಾರಿಗೆ ಇಲಾಖೆಗೆ ಕೊಡಲು ಮಾಸ್ತರರು ಅರ್ಜಿಯೊಂದನ್ನು ಸಿದ್ಧಮಾಡಿದ್ದಾರೆ. ಮುಂದಿನ ಸುಗ್ಗಿಯ ಹತ್ತಿ ಮಿಲ್ಲಿಗೆ ಬರುವುದರೊಳಗೆ ಸುರಪುರ, ಶಹಾಪುರದ ಉಳಿದ ಸ್ಕೂಲಿನವರ ಸಹಿಯನ್ನೂ ಹಾಕಿಸುತ್ತೇನೆ ಎಂದಿದ್ದಾರೆ.