ಗುರುತಿನ ಚೀಟಿ ಇದ್ದರೆ ಸಾಲದು: ಮತದಾರರ ಪಟ್ಟಿಯಲ್ಲಿ ಹೆಸರಿರುವುದನ್ನು ಖಚಿತಪಡಿಸಿಕೊಳ್ಳುವ ಕುರಿತು ಮಾಹಿತಿ

ಭಾರತ ಸಂವಿಧಾನದ 326ನೇ ಅನುಚ್ಛೇದವು ವಯಸ್ಕ ಮತದಾನದ ಹಕ್ಕನ್ನು ಕಲ್ಪಿಸಿದೆ. 1988ರ 61ನೇ ತಿದ್ದುಪಡಿಯ ಮೂಲಕ ಮತದಾನದ ವಯಸ್ಸನ್ನು 21 ವರ್ಷದಿಂದ 18 ವರ್ಷಕ್ಕೆ ಇಳಿಸಲಾಯಿತು. ಆದರೆ 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 62ನೇ ಪ್ರಕರಣದಂತೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಚಲಾಯಿಸುವ ಅಧಿಕಾರವಿರುವುದಿಲ್ಲ. ಭಾವಚಿತ್ರವಿರುವ ಗುರುತಿನ ಚೀಟಿಯು ಮತದಾರರ ಗುರುತನ್ನು ಮಾತ್ರ ದೃಢಪಡಿಸುತ್ತದೆ. ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಮತಗಟ್ಟೆಯಿಂದ ಹಿಂದಿರುಗುವ ನಾಗರಿಕರಿಗೆ ಚುನಾವಣೆಯ ಮೇಲಿನ ವಿಶ್ವಾಸವೇ ಕುಂದುವುದು ಸಹಜ. ಇದನ್ನು ತಪ್ಪಿಸಲು ಪಟ್ಟಿಯನ್ನು ಮುಂಚಿತವಾಗಿ ಪರಿಶೀಲಿಸುವುದು ಅವಶ್ಯಕ.

ಯಾರು ನೋಂದಾಯಿಸಿಕೊಳ್ಳಬಹುದು?

ಅರ್ಹತಾ ದಿನಾಂಕದಂದು 18 ವರ್ಷ ಪೂರ್ಣಗೊಂಡಿರುವ, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುತ್ತಿರುವ ಭಾರತೀಯ ನಾಗರಿಕರು. ಈ ಹಿಂದೆ ಜನವರಿ 1 ಮಾತ್ರ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಹಾಗೂ ಅಕ್ಟೋಬರ್ 1 ಎಂಬ ನಾಲ್ಕು ದಿನಾಂಕಗಳು ಜಾರಿಯಲ್ಲಿವೆ.

ಒಂದು ಸ್ಥಳದಲ್ಲಿ ಸ್ವಂತ ಮನೆ ಇದೆ ಎಂಬ ಕಾರಣದಿಂದಷ್ಟೇ ಅಲ್ಲಿಯ ನಿವಾಸಿ ಎಂದು ಪರಿಗಣಿಸಲಾಗುವುದಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದವರು ತಾವು ವಾಸಿಸುತ್ತಿರುವ ಸ್ಥಳದಲ್ಲಿ, ಬಾಡಿಗೆ ಮನೆಯಾದರೂ, ನೋಂದಾಯಿಸಿಕೊಳ್ಳಬಹುದು. ಒಬ್ಬರು ಒಂದಕ್ಕಿಂತ ಹೆಚ್ಚು ಕಡೆ ನೋಂದಾಯಿಸಿಕೊಳ್ಳುವಂತಿಲ್ಲ. ಸುಳ್ಳು ಘೋಷಣೆ ನೀಡುವುದು ಒಂದು ವರ್ಷದವರೆಗಿನ ಕಾರಾವಾಸ ಅಥವಾ ದಂಡ ಅಥವಾ ಎರಡಕ್ಕೂ ಗುರಿಪಡಿಸಬಹುದಾದ ಅಪರಾಧ.

ಸಲ್ಲಿಸಬೇಕಾದ ಅರ್ಜಿಗಳು

ನಮೂನೆ-6: ಹೊಸದಾಗಿ ಹೆಸರು ಸೇರಿಸಲು.
ನಮೂನೆ-7: ಹೆಸರಿನ ಸೇರ್ಪಡೆಗೆ ಆಕ್ಷೇಪಿಸಲು, ಮೃತಪಟ್ಟವರ ಅಥವಾ ಸ್ಥಳಾಂತರಗೊಂಡವರ ಹೆಸರನ್ನು ತೆಗೆದುಹಾಕಲು.
ನಮೂನೆ-8: ವಿಳಾಸ ಬದಲಾವಣೆ, ವಿವರಗಳ ತಿದ್ದುಪಡಿ, ಬದಲಿ ಗುರುತಿನ ಚೀಟಿ ಹಾಗೂ ಅಂಗವೈಕಲ್ಯದ ನಮೂದಿಗಾಗಿ.

ಅರ್ಜಿಗಳನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ, ಮತದಾರರ ನೋಂದಣಾಧಿಕಾರಿಯ ಕಚೇರಿಗೆ ಅಥವಾ ಚುನಾವಣಾ ಆಯೋಗದ ಮತದಾರರ ಸೇವಾ ಜಾಲತಾಣದ ಮೂಲಕ ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ, ಮಧ್ಯವರ್ತಿಗಳನ್ನು ಅವಲಂಬಿಸಬೇಕಾಗಿಲ್ಲ. ಆಕ್ಷೇಪಣೆಗಳಿಗೆ ಏಳು ದಿನಗಳ ಕಾಲಾವಕಾಶ ನೀಡಬೇಕಾಗಿರುವುದರಿಂದ, ಚುನಾವಣೆ ಘೋಷಣೆಯಾಗುವವರೆಗೆ ಕಾಯಬಾರದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕದ ನಂತರ ಆ ಚುನಾವಣೆಗಾಗಿ ಹೆಸರು ಸೇರಿಸಲು ಅವಕಾಶವಿರುವುದಿಲ್ಲ.

ಹೆಸರು ತೆಗೆದುಹಾಕಿದ್ದರೆ ಪರಿಹಾರವೇನು?

ವಾಸಸ್ಥಳ ಬದಲಾಗಿದೆ ಎಂಬ ಕಾರಣದಿಂದ ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟವರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಸೂಕ್ತ ಅವಕಾಶ ನೀಡಬೇಕೆಂದು ಕಾನೂನು ವಿಧಿಸಿದೆ. ನೋಂದಣಾಧಿಕಾರಿಯ ಆದೇಶದ ವಿರುದ್ಧ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ, ತದನಂತರ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೂ ಮೇಲ್ಮನವಿ ಸಲ್ಲಿಸಬಹುದು.

ಮತದಾನದ ದಿನದ ರಕ್ಷಣೆಗಳು

ಮತದಾನ ಆರಂಭಕ್ಕೆ ಮುನ್ನ ಅಭ್ಯರ್ಥಿಗಳ ಏಜೆಂಟರ ಸಮಕ್ಷಮದಲ್ಲಿ ಅಣಕು ಮತದಾನ ನಡೆಸಲಾಗುತ್ತದೆ. ಮತದಾರರು ತಾವು ಹಾಕಿದ ಮತದ ಮುದ್ರಿತ ಚೀಟಿಯನ್ನು ವಿವಿಪ್ಯಾಟ್ ಯಂತ್ರದ ಗಾಜಿನ ಕಿಂಡಿಯಲ್ಲಿ ಏಳು ಸೆಕೆಂಡುಗಳ ಕಾಲ ನೋಡಬಹುದು. ಮತ ಎಣಿಕೆಯ ಸಂದರ್ಭದಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಲಾಗುತ್ತದೆ. ಒಬ್ಬರು ಎರಡು ಬಾರಿ ಮತ ಹಾಕುವುದನ್ನು ತಡೆಯಲು ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯು ಮೈಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಈಗಾಗಲೇ ಮತ ಹಾಕಿರುವುದು ಕಂಡುಬಂದಲ್ಲಿ ಹಿಂದಿರುಗಬೇಡಿ. ಗುರುತನ್ನು ಸಾಬೀತುಪಡಿಸಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯಿಂದ ಟೆಂಡರ್ಡ್ ಮತಪತ್ರವನ್ನು ಕೇಳಿ ಪಡೆಯಿರಿ. ಇದನ್ನು ಪ್ರತ್ಯೇಕ ಲಕೋಟೆಯಲ್ಲಿ ಇರಿಸಲಾಗುತ್ತದೆ.

ಕರಡು ಪಟ್ಟಿ ಪ್ರಕಟವಾದಾಗ ತಮ್ಮ ಹಾಗೂ ಕುಟುಂಬದ ಸದಸ್ಯರ ಹೆಸರುಗಳನ್ನು ತಪ್ಪದೆ ಪರಿಶೀಲಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು.