ಕಣ್ಣಿಗೆ ಕಾಣದ ವಿಷ: ಮೆಥನಾಲನ್ನು ಗುರುತಿಸುವ ಬಗೆ

ಶರಣ ಸಂಸ್ಕೃತಿಯಲ್ಲಿ ಕಾಯವು ತಿರಸ್ಕಾರಕ್ಕೆ ತಕ್ಕುದಲ್ಲ. ಅದು ಇಷ್ಟಲಿಂಗವನ್ನು ಧರಿಸುವ ಪವಿತ್ರ ನೆಲೆ. ಆ ಕಾಯವನ್ನು ಒಂದೆರಡು ದಿನಗಳಲ್ಲಿಯೇ ನಾಶಗೊಳಿಸಬಲ್ಲ ವಿಷಗಳಲ್ಲಿ ಮೆಥನಾಲ್ ಒಂದು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಅದು ಬೆರೆತ ಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜನ ಬಲಿಯಾದರು.

ಮದ್ಯದಲ್ಲಿರುವುದು ಎಥನಾಲ್. ಮೆಥನಾಲ್ ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ. ಎರಡೂ ನೀರಿನಂತೆ ತಿಳಿಯಾದ ದ್ರವಗಳು. ವಾಸನೆಯೂ ಬಹುಮಟ್ಟಿಗೆ ಒಂದೇ. ಬೆರಕೆಯಾದ ಮೇಲೆ ಕಣ್ಣು, ಮೂಗು, ನಾಲಗೆಗಳಿಂದ ಭೇದವನ್ನು ಅರಿಯಲಾಗದು. ಆದರೆ ಯಕೃತ್ತು ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಅನಂತರ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಈ ಆಮ್ಲವು ರಕ್ತದಲ್ಲಿ ಸಂಗ್ರಹವಾಗಿ ದೃಷ್ಟಿನರವನ್ನು ಕೆಡಿಸುತ್ತದೆ. ಬದುಕಿ ಉಳಿದವರೂ ಕುರುಡರಾಗುವುದುಂಟು.

ಇಂದ್ರಿಯಗಳು ಸೋತಲ್ಲಿ ಪ್ರಯೋಗಾಲಯವು ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಅಣುವಿನ ತೂಕವೆಷ್ಟು? ಅದರ ಕಟ್ಟಣೆ ಹೇಗಿದೆ?

ಮೊದಲನೆಯದಕ್ಕೆ ಉತ್ತರ ನೀಡುವುದು ಮಾಸ್ ಸ್ಪೆಕ್ಟ್ರೋಮೀಟರ್. ಗ್ಯಾಸ್ ಕ್ರೊಮೆಟೊಗ್ರಾಫ್ ಎಂಬ ಉಪಕರಣವು ಬೆರಕೆಯ ಘಟಕಗಳನ್ನು ಬೇರ್ಪಡಿಸಿ ಒಂದೊಂದಾಗಿ ಇದರೊಳಕ್ಕೆ ಕಳುಹಿಸುತ್ತದೆ. ಅಲ್ಲಿ ಎಲೆಕ್ಟ್ರಾನುಗಳ ಹೊಡೆತಕ್ಕೆ ಸಿಕ್ಕಿದ ಅಣುಗಳು ವಿದ್ಯುದಾವೇಶ ಪಡೆಯುತ್ತವೆ, ಕೆಲವು ಒಡೆಯುತ್ತವೆ. ಮೊರದಲ್ಲಿ ಕೇರುವಾಗ ಜೊಳ್ಳೂ ಕಾಳೂ ಬೇರೆಯಾಗುವಂತೆ, ವಿದ್ಯುತ್ ಅಥವಾ ಕಾಂತಕ್ಷೇತ್ರದಲ್ಲಿ ಹಗುರವಾದವೂ ಭಾರವಾದವೂ ಬೇರೆ ಬೇರೆಯಾಗುತ್ತವೆ. ಎರಡು ಆಲ್ಕೋಹಾಲುಗಳೂ ಒಡೆದಾಗ 31 ತೂಕದ ಚೂರು ದೊರೆಯುತ್ತದೆ. ಆದರೆ ಒಡೆಯದೆ ಉಳಿದ ಅಣುವಿನ ತೂಕ ಮೆಥನಾಲಿಗೆ 32, ಎಥನಾಲಿಗೆ 46. ಅಲ್ಲಿ ಗುಟ್ಟು ಬಯಲಾಗುತ್ತದೆ.

ಆದರೆ ತೂಕವೊಂದೇ ಸಾಲದು. ಡೈಮೀಥೈಲ್ ಈಥರ್ ಎಂಬ ಬೇರೊಂದು ವಸ್ತುವಿನ ಅಣುತೂಕವೂ 46. ಇಲ್ಲಿ ನೆರವಾಗುವುದು ಅವಕೆಂಪು ರೋಹಿತ. ಅಣುವಿನ ಪರಮಾಣುಗಳ ನಡುವಿನ ಬಂಧಗಳು ವೀಣೆಯ ತಂತಿಗಳಂತೆ ತಮ್ಮದೇ ಕಂಪನವನ್ನು ಹೊಂದಿವೆ. ಅವಕೆಂಪು ಬೆಳಕನ್ನು ಹಾಯಿಸಿದಾಗ ಪ್ರತಿಯೊಂದು ಬಂಧವೂ ತನಗೆ ಹೊಂದುವ ಕಿರಣವನ್ನು ಮಾತ್ರ ಹೀರಿಕೊಳ್ಳುತ್ತದೆ. ಆಲ್ಕೋಹಾಲಿನಲ್ಲಿರುವ ಆಮ್ಲಜನಕ–ಜಲಜನಕ ಬಂಧದ ಗುರುತು ಈಥರಿನಲ್ಲಿ ಕಾಣಿಸದು. ಹೀಗೆ ಎರಡು ಸಾಕ್ಷಿಗಳು ಕೂಡಿದಾಗ ನಿರ್ಣಯವು ದೃಢವಾಗುತ್ತದೆ.

ಭಕ್ತರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪಕರಣವು ವಿಷವನ್ನು ಗುರುತಿಸೀತು. ಕಳೆದುಹೋದ ಸಮಯವನ್ನು ಮರಳಿ ತಾರದು. ಕುಡಿದ 12ರಿಂದ 24 ಗಂಟೆಗಳವರೆಗೆ ವಿಷದ ಲಕ್ಷಣಗಳು ಕಾಣಿಸದೆ ಇರಬಹುದು. ಬಳಿಕ ತಲೆನೋವು, ವಾಂತಿ, ಹೊಟ್ಟೆನೋವು, ವೇಗವಾದ ಉಸಿರಾಟ, ಮಂಜು ಕವಿದಂಥ ದೃಷ್ಟಿ ತೋರುತ್ತವೆ. ಅಂಥವರನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ದಂಡುಪ್ರದೇಶದವರಿಗೆ, ಹಲಸೂರಿನವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಸಮೀಪದಲ್ಲಿದೆ. ಉಳಿದ ದ್ರವವಿದ್ದರೆ ಬಾಟಲಿಯ ಮುಚ್ಚಳ ಬಿಗಿದು ಜೊತೆಗೆ ಒಯ್ಯಬೇಕು. ಅದನ್ನೇ ಕುಡಿದ ಇತರರೂ, ಲಕ್ಷಣಗಳಿಲ್ಲದಿದ್ದರೂ, ತಪಾಸಣೆಗೆ ಹೋಗಬೇಕು. ಪ್ರಯೋಗಾಲಯದ ವರದಿಗೆ ಕಾಯದೆ ವೈದ್ಯರು ಪ್ರತಿವಿಷವನ್ನೂ, ಅಗತ್ಯವಿದ್ದರೆ ಡಯಾಲಿಸಿಸ್ ಚಿಕಿತ್ಸೆಯನ್ನೂ ಆರಂಭಿಸಬಲ್ಲರು. ಮನೆಯಲ್ಲಿ ಮದ್ದು ಮಾಡುತ್ತಲೋ ನಾಚಿಕೆಯಿಂದ ಸಂಗತಿಯನ್ನು ಮರೆಮಾಡುತ್ತಲೋ ಕಾಲ ಕಳೆಯಬಾರದು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ವಿಷವನ್ನು ಗುರುತಿಸುವುದು ವಿಜ್ಞಾನದ ಕೆಲಸ; ಅದು ಮನೆಯ ಹೊಸ್ತಿಲು ದಾಟದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆ ಜೋಳಿಗೆಗೆ ಚಟವನ್ನು ಹಾಕಿದ ಮನೆಗೆ ಈ ಪರೀಕ್ಷೆಯ ಅಗತ್ಯವೇ ಬಾರದಿರಲಿ.